ಹಿಡಿಯ ಕೆಳಗಿನ ಹೆಸರು

ತಾಕಾನೆ
ನವೆಂಬರ್ ೬, ೧೯೯೧

ಅಪ್ಪನವರಿಗೆ,

ಇಲ್ಲಿ ಬೆಟ್ಟದ ಮರಗಳೆಲ್ಲ ಕೆಂಪಾಗಿವೆ. ಬೆಳಿಗ್ಗೆ ನಲ್ಲಿಯ ನೀರು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ದಕ್ಷಿಣದ ಮಿಯಾಕೊನೊಜೊದಲ್ಲಿ ನೀವು ಇನ್ನೂ ಅಂಗಿಯ ತೋಳು ಮಡಚಿಕೊಂಡೇ ಓಡಾಡುತ್ತಿರಬೇಕು. ಹನ್ನೊಂದು ವರ್ಷ ಹೊಸವರ್ಷದ ಕಾರ್ಡಿನಲ್ಲಿ ಎರಡೆರಡು ಸಾಲು ಬರೆದು ರೂಢಿಯಾದ ಕೈ, ಇಷ್ಟು ದೊಡ್ಡ ಹಾಳೆ ಕಂಡು ಹಿಂಜರಿಯುತ್ತಿದೆ. ಹವಾಮಾನದ ಮಾತು ಮುಗಿಯಿತು, ವಿಷಯಕ್ಕೆ ಬರುತ್ತೇನೆ.

ಪ್ರತಿ ನವೆಂಬರ್ ಮೂರರಂದು ಈ ಊರಿನವರು ಹಳೆಯ ಕೋಟೆಯ ಮುತ್ತಿಗೆಯನ್ನು ಮತ್ತೆ ಆಡಿ ತೋರಿಸುತ್ತಾರೆ. ಮುನ್ನೂರು ಜನ ಕವಚ ತೊಟ್ಟು ಬೀದಿಗಿಳಿಯುತ್ತಾರೆ. ನಾನು ಎಂಟು ವರ್ಷಗಳಿಂದ ಬಿಲ್ಲಾಳುಗಳ ತುಕಡಿಯಲ್ಲಿದ್ದೇನೆ. ವರ್ಷವಿಡೀ ಶಾಲೆಯ ಅಡುಗೆಮನೆಯಲ್ಲಿ ಆರುನೂರು ಮಕ್ಕಳಿಗೆ ಸಾರು ತಿರುವುವವಳು ಒಂದು ದಿನ ಯೋಧೆ. ಇಷ್ಟು ವರ್ಷ ನಾವು ಬಿಲ್ಲು ಎತ್ತುತ್ತಿದ್ದೆವು, ನಗಾರಿ ಮೊಳಗುತ್ತಿತ್ತು, ಬಾಣ ಹೊರಡುತ್ತಿರಲಿಲ್ಲ. ಮುಂದಿನ ವರ್ಷದಿಂದ ಯುದ್ಧ ಶುರುವಾಗುವುದಕ್ಕೆ ಹಾರುವಾಗ ಕೂಗುವ ಒಂದು ನಿಜವಾದ ಶಿಳ್ಳೆಬಾಣ ಬಿಡಬೇಕೆಂದು ತೀರ್ಮಾನವಾಗಿದೆ. ಒಣ ಕಂದಕದ ಈಚೆಯಿಂದ ಆಚೆಯ ಹುಲ್ಲಿನ ರಾಶಿಗೆ. ಇಪ್ಪತ್ತೊಂದು ಜನರನ್ನು ಪರೀಕ್ಷೆ ಮಾಡಿದರು. ಮೂರಕ್ಕೆ ಮೂರೂ ಬಾಣ ನೆಟ್ಟಗೆ ಹೋದದ್ದು ನನ್ನದು ಮಾತ್ರ. ಆ ಬಾಣ ಬಿಡುವವಳು ನಾನೇ.

ಈಗ ಬಿಲ್ಲಿನ ಪ್ರಶ್ನೆ. ನನ್ನ ಮುಂದೆ ಮೂರಿವೆ. ಒಂದು ಸಮಿತಿಯ ಫೈಬರ್ ಬಿಲ್ಲು, ಕಪ್ಪು ಬಣ್ಣ ಬಳಿದು ಬೆತ್ತದ ಸುತ್ತಿನ ಹಾಗೆ ಬಿಳಿ ಅಂಟುಪಟ್ಟಿ ಸುತ್ತಿದ್ದು. ಇನ್ನೊಂದು ಹೈಸ್ಕೂಲಿನವರು ಎರವಲು ಕೊಡುವ ಬಿದಿರಿನ ಬಿಲ್ಲು. ಮೂರನೆಯದು ಸಮಿತಿಯ ಅಧ್ಯಕ್ಷ ಮುರೊತಾನಿ ಅವರ ಮುತ್ತಜ್ಜನದು. ಅವರದು ಅಕ್ಕಿಮದ್ಯದ ಅಂಗಡಿ. ಉಗ್ರಾಣದಿಂದ ಆ ಬಿಲ್ಲನ್ನು ಎಳೆಗೂಸಿನ ಹಾಗೆ ಎತ್ತಿಕೊಂಡು ಬಂದು ತೋರಿಸಿದರು. ನೋಡಲು ಬಹಳ ಚಂದ.

ಮೂರರಲ್ಲಿ ಯಾವುದನ್ನು ಹಿಡಿಯಲಿ? ಬೇರೆ ಯಾರನ್ನು ಕೇಳಬೇಕೋ ತಿಳಿಯಲಿಲ್ಲ.

ಇಕುಯೊ


ಮಿಯಾಕೊನೊಜೊ
ನವೆಂಬರ್ ೧೭

ಇಕುಯೊ,

ಹವಾಮಾನ ಇದ್ದ ಹಾಗೇ ಇದೆ.

ಮೊದಲನೆಯದು ಬಿಲ್ಲೇ ಅಲ್ಲ, ಮೀನು ಹಿಡಿಯುವ ಕೋಲು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತಂತೆ, ಹಾಗಾಯಿತು ಆ ಅಂಟುಪಟ್ಟಿಯ ಕತೆ.

ಎರಡನೆಯದು ಬಿಲ್ಲು ಹೌದು, ಆದರೆ ಕಾಲ ಬೇರೆ. ಅದರ ಹೊಟ್ಟೆಯಲ್ಲಿ ಬಿದಿರಿನ ಸೀಳುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಅದು ಆಮೇಲಿನವರು ಕಲಿತ ವಿದ್ಯೆ. ನಿಮ್ಮ ಕೋಟೆ ಬಿದ್ದ ಕಾಲದವರು ನಡುವೆ ಮರದ ತಿರುಳಿಟ್ಟು ನಾಲ್ಕೂ ಕಡೆ ಬಿದಿರು ಅಂಟಿಸುತ್ತಿದ್ದರು. ಅದೂ ಅಲ್ಲದೆ ಅದು ಬೋಳು ಬಿಲ್ಲು. ಯುದ್ಧಕ್ಕೆ ಹೋದವನು ಮಳೆಯಲ್ಲಿ ಮಲಗುತ್ತಾನೆ. ಜಿಂಕೆ ಚರ್ಮದ ಅಂಟು ನೀರು ಕುಡಿದರೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಅವರು ಮೇಲೆ ಅರಗು ಬಳಿದು ಬೆತ್ತ ಸುತ್ತುತ್ತಿದ್ದರು, ಚಂದಕ್ಕಲ್ಲ.

ಮೂರನೆಯದನ್ನು ಮುಟ್ಟಲೇಬೇಡ. ನೂರು ವರ್ಷ ಗೋಡೆಗೆ ಒರಗಿದ ಬಿಲ್ಲು ಎಳೆದರೆ ಎರಡಾಗುತ್ತದೆ, ಮೇಲಿನ ತುಂಡು ಆ ಮುರೊತಾನಿಯ ಮೂಗಿಗೆ ಬಡಿಯುತ್ತದೆ. ಎಳೆಗೂಸಿನ ಹಾಗೆ ಎತ್ತಿಕೊಂಡು ಬರುವವನಿಗೆ ಅದೇ ಆಗಬೇಕು.

ನೀನು ಬಾಯಿಬಿಟ್ಟು ಕೇಳಿಲ್ಲ. ಕೇಳದ ಪ್ರಶ್ನೆಗೂ ಉತ್ತರ ಬರೆಯುತ್ತೇನೆ: ಆಗದು. ನಾಲ್ಕು ತಲೆಮಾರಿನಿಂದ ಈ ಮನೆಯಲ್ಲಿ ಬಿಲ್ಲು ಕಟ್ಟುತ್ತಿದ್ದೇವೆ. ವೇಷ ಹಾಕಿ ಕುಣಿಯುವವರ ಬಿಲ್ಲಿನ ಮೇಲೆ ನಾನು ನನ್ನ ಹೆಸರು ಬರೆಯುವುದಿಲ್ಲ. ಹೆಸರಿನ ವಿಷಯದಲ್ಲಿ ನಾನು ಎಂಥವನೆಂದು ನಿನಗೆ ತಿಳಿದಿರಲಿ. ನಿನ್ನ ಅತ್ತೆಯ ಮಗ ಕಿಯೋಹಾರು ಇಲ್ಲಿ ಮೂರು ವರ್ಷ ಕಲಿತನಲ್ಲ, ಒಂದು ದಿನ ನಾನು ಬೆಣೆ ಹೊಡೆದು ಬಗ್ಗಿಸಿದ ಬಿಲ್ಲಿನ ಹಿಡಿಯ ಕೆಳಗೆ ಅವನ ಹೆಸರು ಕಂಡಿತು. ನಮ್ಮ ಬೀದಿಯಲ್ಲಿ ಬೆಣೆ ಹೊಡೆದವರದೇ ಹೆಸರು, ಬಿದಿರು ತಂದವರದಲ್ಲ, ಹಗ್ಗ ಹಿಡಿದವರದಲ್ಲ. ಅವತ್ತೇ ಅವನನ್ನು ಹೊರಗೆ ಹಾಕಿದೆ. ಈಗ ಫುಕುವೊಕಾದಲ್ಲಿ ನೂಡಲ್ಸ್ ಅಂಗಡಿ ಇಟ್ಟಿದ್ದಾನೆ. ನೂಡಲ್ಸಿನ ಮೇಲೆ ಯಾರ ಹೆಸರೂ ಬರೆಯಬೇಕಾಗಿಲ್ಲ, ಅವನಿಗೆ ಅದೇ ಸರಿ.

ತೊಕುಜಿರೋ

ಎಡಗೈ ಪಕ್ಕಕ್ಕೆ ಚಾಚಿ, ಗಂಟಲ ಕುಳಿಯಿಂದ ನಡುಬೆರಳ ತುದಿಯವರೆಗೆ ಒಂದು ದಾರ ಅಳೆದು ಕಳಿಸು. ಸುಮ್ಮನೆ.


ತಾಕಾನೆ
ನವೆಂಬರ್ ೨೯

ಅಪ್ಪನವರಿಗೆ,

ಸುಮ್ಮನೆ ಕೇಳಿದಿರಿ, ಸುಮ್ಮನೆ ಕಳಿಸಿದ್ದೇನೆ. ಕೆಂಪು ದಾರ ಲಕೋಟೆಯಲ್ಲಿದೆ.

ವೇಷ ಹಾಕಿ ಕುಣಿಯುವವರು ಎಂದಿರಿ. ನಮ್ಮ ತುಕಡಿಯಲ್ಲಿ ಒಬ್ಬ ಅಂಚೆಯವನಿದ್ದಾನೆ. ಹುಲ್ಲಿನ ಚಪ್ಪಲಿ ಹೊಸೆಯುವುದನ್ನು ಕಲಿಯಲು ಎರಡು ಚಳಿಗಾಲ ಅಜ್ಜಿಯೊಬ್ಬಳ ಮನೆ ಬಾಗಿಲು ಕಾದ. ಅಂಗಡಿಯಲ್ಲಿ ಸಿಗುವ ಚಪ್ಪಲಿ ಹಾಕಿದರೆ ಸತ್ತ ಸಿಪಾಯಿಗಳಿಗೆ ಅವಮಾನ ಎನ್ನುತ್ತಾನೆ. ನೀವು ಅವನನ್ನು ನೋಡಿದರೆ ಬೈಯುತ್ತೀರಿ, ಆಮೇಲೆ ಕೂರಿಸಿ ಚಹಾ ಕೊಡುತ್ತೀರಿ.

ಹನ್ನೆರಡನೆಯ ವಯಸ್ಸಿನಿಂದ ನಿಮಗೆ ಬೆಣೆ ಎತ್ತಿ ಕೊಟ್ಟವಳು ನಾನು. ಹತ್ತೊಂಬತ್ತಕ್ಕೆ, ‘ನನಗೂ ಕಲಿಸಿ’ ಎಂದು ಕೇಳಿದೆ. ನೀವು ತಲೆ ಎತ್ತದೆ ಹೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ: ‘ಹೆಣ್ಣಿನ ಮಣಿಕಟ್ಟಿಗೆ ಕೊಡತಿ ನಿಲ್ಲಲ್ಲ. ನೀನು ಹಗ್ಗ ಹಿಡಿ, ಸಾಕು.’ ಮಾರನೆಯ ವಾರ ಕಿಯೋಹಾರು ಬಂದ. ನಾನು ರೈಲು ಹತ್ತಿದೆ. ಈಗ ನನ್ನ ಮಣಿಕಟ್ಟು ದಿನಕ್ಕೆ ನಾಲ್ಕು ಹಂಡೆ ಸಾರು ತಿರುವುತ್ತದೆ. ಹೇಳಬೇಕೆನಿಸಿತು, ಹೇಳಿದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಗಾದೆ ನಡೆಯುವುದಿಲ್ಲ, ಅಲ್ಲವೇ? ಒಣಗಿ, ವರ್ಷಗಟ್ಟಲೆ ಹೊಗೆ ಕುಡಿದ ಬಿದಿರೇ ನಮ್ಮಲ್ಲಿ ಬಗ್ಗುವುದು.

ನಿಮ್ಮ ಹೆಸರು ಬೇಡ ಅಪ್ಪ. ಬಿಲ್ಲು ಕೊಡಿ. ಬಾಯಿಬಿಟ್ಟು ಕೇಳಿದ್ದೇನೆ.

ಇಕುಯೊ


ಮಿಯಾಕೊನೊಜೊ
ಡಿಸೆಂಬರ್ ೨೦

ಇಕುಯೊ,

ದಾರ ತಲುಪಿತು. ನೀನು ಹತ್ತೊಂಬತ್ತರಲ್ಲಿದ್ದಾಗ ಕಾರ್ಯಶಾಲೆಯ ಕಂಬದ ಮೇಲೆ ನಿನ್ನ ತೋಳಿನಳತೆಗೆ ಎಳೆದ ಗೆರೆಗೆ ಹಿಡಿದು ನೋಡಿದೆ. ಒಂದು ನೂಲೂ ಹೆಚ್ಚು ಕಡಿಮೆಯಿಲ್ಲ. ಏಳಡಿ ಮೂರಂಗುಲದ ಬಿಲ್ಲು ಸಾಕು.

ಬಿದಿರು ಆರಿಸಿದ್ದೇನೆ, ಒಲೆಯ ಮೇಲಿನ ಅಟ್ಟದಲ್ಲಿ ಆರು ವರ್ಷ ಹೊಗೆ ಕಂಡದ್ದು. ಚಳಿ ಬಿದ್ದ ಮೇಲೆ ಬೆಣೆ ಹೊಡೆಯುತ್ತೇನೆ. ಗಡಿಬಿಡಿ ಮಾಡಬೇಡ. ಇದು ನಾಟಕದ ಬಿಲ್ಲೇ, ಹೆಸರು ಕೇಳಬೇಡ.

ಆ ಅಂಚೆಯವನ ಚಪ್ಪಲಿಗೆ ಹಿಮ್ಮಡಿ ಹೊರಗೆ ಚಾಚಿರಬೇಕು. ಆಗಿನ ಸಿಪಾಯಿಗಳದು ಅಂಗಾಲಿಗಿಂತ ಗಿಡ್ಡ ಚಪ್ಪಲಿ. ಸರಿಯಾಗಿ ಹೊಸೆದಿದ್ದಾನೋ ನೋಡು.

ತೊಕುಜಿರೋ


ಮಿಯಾಕೊನೊಜೊ
ಜನವರಿ ೧೪, ೧೯೯೨

ನನ್ನಣ್ಣನ ಮಗಳೇ ಇಕುಯೊ,

ಈ ಕಾಗದ ನಾನು ಬರೆದೆ ಅಂತ ನಿನ್ನಪ್ಪನಿಗೆ ಗೊತ್ತಾದರೆ ನನ್ನ ಸಾರಿನ ಪಾತ್ರೆ ಬೀದಿಗೆ ಬೀಳುತ್ತೆ. ಓದಿದ ಮೇಲೆ ಒಲೆಗೆ ಹಾಕು.

ನಿನ್ನೆ ಸಂಜೆ ಎಂದಿನ ಹಾಗೆ ಸಾರು ತಗೊಂಡು ಹೋದೆ. ಅಣ್ಣ ಕಾರ್ಯಶಾಲೆಯಲ್ಲಿ ಬಿಲ್ಲಿನ ಬಿದಿರು ಕಡಿದು ಒಲೆಗೆ ಹಾಕ್ತಿದ್ದ. ಬಲಗೈ ಮಣಿಕಟ್ಟಿಗೆ ಬಟ್ಟೆ ಬಿಗಿದುಕೊಂಡಿದ್ದ. ಹೋದ ವಾರವೂ ಒಂದು ಬಿಲ್ಲು ಹೀಗೇ ಒಲೆಗೆ ಹೋಗಿತ್ತು.

‘ಏನಣ್ಣ ಇದು?’ ಅಂದೆ.

‘ಬಿದಿರು ಸರಿಯಿಲ್ಲ.’

‘ಎರಡು ಸಲವೂ ಸರಿಯಿಲ್ವಾ?’

‘ಅಂಟು ಸರಿಯಿಲ್ಲ.’

‘ಕೈ?’

‘ನಿನ್ನ ಸಾರಲ್ಲಿ ಉಪ್ಪಿಲ್ಲ. ನಡಿ ಮನೆಗೆ.’

ಉಪ್ಪು ಸರಿಯಾಗೇ ಇತ್ತು ಕಣೇ. ಕೈ ಹೋಗಿ ಎರಡು ವರ್ಷ ಆಯ್ತು. ಊಟದ ಕಡ್ಡಿ ಹಿಡಿದರೆ ನಡುಗುತ್ತೆ. ಬೆಣೆ ಹೊಡೆಯುವ ಕೆಲಸ ನಿನಗೆ ಗೊತ್ತಲ್ಲ, ಅಂಟು ಬಿಸಿಯಾಗಿರುವಷ್ಟರಲ್ಲಿ ಸುತ್ತಿದ ಹಗ್ಗದ ಸಂದಿಗೆ ನೂರಕ್ಕೂ ಮೇಲೆ ಬೆಣೆ ಹೊಡೆದು ಬಗ್ಗಿಸಿ ಮುಗಿಸಬೇಕು. ಇವನು ಅರವತ್ತನೇ ಬೆಣೆಗೆ ಬರುವಷ್ಟರಲ್ಲಿ ಅಂಟು ಗಟ್ಟಿಯಾಗಿಬಿಡುತ್ತೆ. ಬೀದಿಯಲ್ಲಿ ಕೇಳಿದರೆ ಯಾರಾದರೂ ಬಂದು ಹೊಡೆದು ಕೊಡ್ತಾರೆ. ಕೇಳ್ತಾನಾ ಇವನು? ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು. ಇವನಿಗೆ ಮೀಸೆಯೂ ಇಲ್ಲ.

ಆರು ವರ್ಷದ ಬಿದಿರು ಇನ್ನು ಒಂದೇ ಒಂದು ಬಿಲ್ಲಿಗಾಗುವಷ್ಟಿದೆ. ಅದನ್ನೂ ಹಾಳು ಮಾಡಿಕೊಂಡರೆ ಈ ಮನುಷ್ಯ ಮತ್ತೆ ಕೊಡತಿ ಮುಟ್ಟಲ್ಲ, ನನಗೆ ಗೊತ್ತು.

ನನ್ನ ಮಗನನ್ನು ನಿನ್ನ ಜಾಗದಲ್ಲಿ ಕೂರಿಸಿದಾಗ ನಾನು ಸುಮ್ಮನಿದ್ದೆ. ಮನಸ್ಸಿನಲ್ಲಿ ಖುಷಿಯೂ ಪಟ್ಟೆ. ಅದು ನನ್ನನ್ನು ಇವತ್ತಿಗೂ ಕಿತ್ತು ತಿನ್ನುತ್ತೆ. ಬರ್ತೀಯಾ?

ನಿನ್ನ ತೊಸೆ ಅತ್ತೆ


ತಾಕಾನೆ
ಜನವರಿ ೧೭

ಅಪ್ಪನವರಿಗೆ,

ಶಾಲೆಯಲ್ಲಿ ಮಕ್ಕಳಿಗೆಲ್ಲ ಜ್ವರ, ಇಪ್ಪತ್ತರಿಂದ ನಾಲ್ಕು ದಿನ ಬಾಗಿಲು ಮುಚ್ಚುತ್ತಿದ್ದಾರೆ. ತೊಸೆ ಅತ್ತೆಯ ಒಣ ಮೂಲಂಗಿ ಪಲ್ಯ ತಿನ್ನಬೇಕೆಂದು ಬಹಳ ಆಸೆಯಾಗಿದೆ. ಇಪ್ಪತ್ತರ ಸಂಜೆಗೆ ಬರುತ್ತೇನೆ. ಬೇಡ ಎಂದು ನೀವು ಬರೆದರೂ ಆ ಕಾಗದ ತಲುಪುವ ಹೊತ್ತಿಗೆ ನಾನು ರೈಲಿನಲ್ಲಿರುತ್ತೇನೆ.

ಇಕುಯೊ


ಮಿಯಾಕೊನೊಜೊ
ಫೆಬ್ರವರಿ ೨೩

ಇಕುಯೊ,

ನಿನ್ನ ತಲೆಬಟ್ಟೆ ಇಲ್ಲೇ ಉಳಿದಿದೆ. ತೊಸೆ ಒಗೆದು ಇಟ್ಟಿದ್ದಾಳೆ.

ಹಗ್ಗ ಬಿಚ್ಚಿದೆ. ಅಂಟು ಎಲ್ಲಿಯೂ ಬಿಟ್ಟಿಲ್ಲ. ಬಾಗು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಬಂದಿದೆ. ಪಕ್ಕದ ಬೀದಿಯಲ್ಲಿ ಬಿಲ್ಲು ಕಟ್ಟುವ ಇಬ್ಬರು ಬಂದು ನೋಡಿದರು. ಅದರಲ್ಲಿ ಹಿರಿಯ ಕಣ್ಣು ಕಿರಿದು ಮಾಡಿ, ‘ತೊಕುಜಿರೋ, ನಿನ್ನ ಕೈ ಮತ್ತೆ ಬಂತಲ್ಲೋ!’ ಎಂದ. ನಾನು ಚಹಾ ಕುಡಿದೆ.

ಇನ್ನು ಇದು ತಿಂಗಳುಗಟ್ಟಲೆ ಸುಮ್ಮನೆ ಒರಗಿರಬೇಕು. ಆಮೇಲೆ ಕೆತ್ತನೆ, ಅರಗು, ಬೆತ್ತ. ಅವಕ್ಕೆ ಅಂಟಿನ ಆತುರವಿಲ್ಲ, ದಿನಕ್ಕಿಷ್ಟು ಮಾಡುತ್ತೇನೆ. ಸೆಪ್ಟೆಂಬರಿಗೆ ಮೊದಲು ಕೇಳಬೇಡ.

ತೊಕುಜಿರೋ


ತಾಕಾನೆ
ಮಾರ್ಚ್ ೮

ಅಪ್ಪನವರಿಗೆ,

ನಾನು ಹೊರಡುವಾಗಲೂ ನೀವು ಏನೂ ಹೇಳಲಿಲ್ಲ, ಕಾಗದದಲ್ಲೂ ಏನೂ ಬರೆಯಲಿಲ್ಲ. ಇರಲಿ, ನಾನೇ ಬರೆಯುತ್ತೇನೆ. ನನಗೆ ಆ ಬೆಳಿಗ್ಗೆ ಮರೆಯಲು ಮನಸ್ಸಿಲ್ಲ.

ನೀವು ಅಂಟು ಬಳಿದು, ಹಗ್ಗ ಸುತ್ತಿ, ಕೊಡತಿ ಎತ್ತಿದಿರಿ. ಆರನೆಯ ಬೆಣೆಗೆ ಅದು ಕೈ ಜಾರಿ ನೆಲಕ್ಕೆ ಬಿತ್ತು. ನಾನು ಎತ್ತಿಕೊಂಡೆ. ನಿಮಗೆ ಕೊಡಲಿಲ್ಲ. ನೀವು ಒಂದು ಗಳಿಗೆ ನನ್ನ ಮುಖ ನೋಡಿದಿರಿ, ಆಮೇಲೆ ಆ ಕಡೆ ಹೋಗಿ ಹಗ್ಗದ ತುದಿ ಹಿಡಿದಿರಿ. ಹಳೆಯ ಆರನ್ನು ಕಿತ್ತು ನಾನು ಮೊದಲಿನಿಂದ ಹೊಡೆದೆ. ನೂರಾ ಹದಿನೆಂಟು ಬೆಣೆ. ನೀವು ಇಡೀ ಹೊತ್ತು ಆಡಿದ್ದು ಎರಡೇ ಮಾತು, ‘ಬಿಗಿ’ ಮತ್ತು ‘ಇನ್ನೂ’. ಮುಗಿದ ಮೇಲೆ ಹೊರಗೆ ಹೋಗಿ ಬಹಳ ಹೊತ್ತು ಕಿರಿಶಿಮಾ ಬೆಟ್ಟದ ಕಡೆ ನೋಡುತ್ತ ನಿಂತಿದ್ದಿರಿ.

ಎರಡು ದಿನ ಕೈ ಎತ್ತಲಾಗಲಿಲ್ಲ. ಅಡುಗೆಮನೆಯಲ್ಲಿ ‘ಏನ್ರೀ, ಊರಲ್ಲಿ ಕುಸ್ತಿ ಆಡಿ ಬಂದ್ರಾ?’ ಎಂದು ಕೇಳಿದರು. ‘ಹೌದು, ಗೆದ್ದೆ’ ಎಂದೆ.

ಇಕುಯೊ


ಮಿಯಾಕೊನೊಜೊ
ಸೆಪ್ಟೆಂಬರ್ ೬

ಇಕುಯೊ,

ಬಿಲ್ಲು ಬೇರೆ ಪಾರ್ಸೆಲಿನಲ್ಲಿ ಬರುತ್ತಿದೆ. ಗಮನವಿಟ್ಟು ಓದು.

ಹೆದೆಯೇರಿಸಿ ಹತ್ತು ದಿನ ಹಾಗೇ ಇಡು. ಮೊದಲ ನೂರು ಬಾಣ ಅರ್ಧಕ್ಕಿಂತ ಹೆಚ್ಚು ಎಳೆಯಬೇಡ. ಹೊಸ ಬಿಲ್ಲು ಹೊಸ ಸೊಸೆಯ ಹಾಗೆ, ಮೊದಲ ದಿನವೇ ಎಲ್ಲ ಕೆಲಸ ಹೇರಬಾರದು. ಹದಿನೆಂಟು ಕಿಲೋ ಬಲ ಇದೆ. ಶಿಳ್ಳೆಬಾಣದ ತಲೆ ಭಾರ, ಕಡಿಮೆ ಬಲದಲ್ಲಿ ಅದು ಅಳುತ್ತದೆ, ಕೂಗುವುದಿಲ್ಲ.

ಬಿಲ್ವಿದ್ಯೆಯ ಅಭ್ಯಾಸಶಾಲೆಯಲ್ಲಿ ಕಲಿತ ಹಾಗೆ ಕಿವಿಯ ಹಿಂದಿನವರೆಗೆ ಎಳೆಯುವುದನ್ನು ಮರೆತುಬಿಡು. ಶಿರಸ್ತ್ರಾಣದ ರೆಕ್ಕೆಗೆ ಹೆದೆ ಸಿಕ್ಕಿಕೊಳ್ಳುತ್ತದೆ. ಕವಚ ತೊಟ್ಟವನು ಕೈ ತಗ್ಗಿಸಿ ಎದೆಯ ಮಟ್ಟಕ್ಕೆ ಎಳೆಯುತ್ತಾನೆ. ಕವಚ ತೊಟ್ಟೇ ಅಭ್ಯಾಸ ಮಾಡು. ನೆರೆಯವರು ನಗುತ್ತಾರೆ, ನಗಲಿ.

ಮುಖ್ಯವಾದದ್ದು: ಹೆದೆ ಯಾವಾಗಲೂ ಬಿಲ್ಲಿನ ನಡುಗೆರೆಯಿಂದ ತುಸು ಬಲಕ್ಕೆ ಇರಬೇಕು. ನಿಮ್ಮಲ್ಲಿ ಗಾಳಿ ಒಣ, ಬಿದಿರು ಓರೆಯಾದೀತು. ಹೆದೆ ಎಡಕ್ಕೆ ಸರಿದರೆ ಎಳೆಯಬೇಡ. ಬಿಲ್ಲು ಒಳಹೊರಗಾಗಿ ಮಗುಚಿಕೊಂಡು ಮುರಿಯುತ್ತದೆ.

ತೊಕುಜಿರೋ


ತಾಕಾನೆ
ಸೆಪ್ಟೆಂಬರ್ ೨೦

ಅಪ್ಪನವರಿಗೆ,

ಬಿಲ್ಲು ಬಂತು. ಪಾರ್ಸೆಲ್ ಬಿಚ್ಚಿದ್ದು ಅಡುಗೆಮನೆಯಲ್ಲೇ. ಹನ್ನೊಂದು ಹೆಂಗಸರು ಸೌಟು ಕೆಳಗಿಟ್ಟು ಸುತ್ತ ನಿಂತರು. ಈರುಳ್ಳಿ ಹೆಚ್ಚುವ ಹಿರಿಯಾಕೆ ಕೈ ಒರೆಸಿಕೊಂಡು ಒಂದು ಬೆರಳಿನಿಂದ ಮುಟ್ಟಿ, ‘ಇದನ್ನ ನಿಮ್ಮಪ್ಪ ಮಾಡಿದ್ದಾ?’ ಎಂದು ಕೇಳಿದಳು. ಬಿಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಂಥ ಕಪ್ಪು ನಾನು ಬೇರೆಲ್ಲೂ ನೋಡಿಲ್ಲ. ಬೆತ್ತದ ಸುತ್ತುಗಳು ಎಣಿಸಿ ಸುತ್ತಿದ ಹಾಗಿವೆ.

ಹಿಡಿಯ ಕೆಳಗೆ ಸುತ್ತುಗಳ ನಡುವೆ ಎರಡಂಗುಲ ಜಾಗ ಬಿಟ್ಟಿದ್ದೀರಿ. ಹೆಸರು ಬರೆಯುವ ಜಾಗ. ಬರೆದಿಲ್ಲ. ಬೇಡ ಎಂದು ನಾನೇ ಹೇಳಿದ್ದೆ, ಬರೆಯುವುದಿಲ್ಲ ಎಂದು ನೀವೂ ಹೇಳಿದ್ದಿರಿ. ಆಡಿದ ಮಾತಿಗೆ ನಿಂತಿರಿ. ಆದರೂ ಜಾಗ ಬಿಟ್ಟು, ಕಡೆಗೆ ಬರೆಯುವುದು ಬೇಡವೆನಿಸಿತಲ್ಲ, ಅದು ನನಗೆ ನೋವಾಯಿತು. ಹೆಂಗಸು ಬೆಣೆ ಹೊಡೆದದ್ದು ಅಂತಲೋ, ಆಟದ ಬಿಲ್ಲು ಅಂತಲೋ, ನನಗೆ ತಿಳಿಯದು. ನಿಮ್ಮ ಹೆಸರಿಗೆ ಇದು ಸಾಲದೆಂದು ಕಂಡರೆ ಕಾಣಲಿ. ನಾನು ಇದನ್ನು ತಲೆ ಎತ್ತಿಯೇ ಹಿಡಿಯುತ್ತೇನೆ.

ಇಕುಯೊ


ಮಿಯಾಕೊನೊಜೊ
ಸೆಪ್ಟೆಂಬರ್ ೨೭

ಬಾಣವೇ ಬಿಡದ ಬಿಲ್ಲಿಗೆ ಹೆಸರಿನ ಜಗಳ ಯಾಕೆ? ಮೊದಲು ಬಿಡು. ಆಮೇಲೆ ಬರೆ.

ತೊಕುಜಿರೋ


ತಾಕಾನೆ
ನವೆಂಬರ್ ೪

ಅಪ್ಪನವರಿಗೆ,

ಬಿಟ್ಟೆ. ಈಗ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಕೋಟೆಯ ಬಯಲಿನಲ್ಲಿ ಮೊದಲ ಹಿಮದ ಪುಡಿ ಬಿದ್ದಿತ್ತು. ಮೂರು ವಾರದಿಂದ ಹನಿ ಮಳೆಯಿಲ್ಲ, ತುಟಿ ಒಡೆಯುವಂಥ ಗಾಳಿ. ಹೆದೆಯೇರಿಸಿ ಬಿಲ್ಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆ. ಹೆದೆ ಎಡಕ್ಕೆ ಸರಿದಿತ್ತು.

ಮುರೊತಾನಿ ಅವರು ಸೇನಾಪತಿಯ ವೇಷದಲ್ಲಿ ಓಡಿ ಬಂದರು. ‘ಇಕುಯೊ ಅವರೇ, ಇನ್ನು ಅರ್ಧ ಗಂಟೆ ಇದೆ. ಸುಮ್ನೆ ಆ ಫೈಬರ್ ಬಿಲ್ಲು ತಗೊಳ್ಳಿ. ಟಿವಿಯವರು ಬಂದಿದಾರೆ, ಕಾಣೋದು ಎರಡೂ ಕಪ್ಪೇ.’

‘ಇಪ್ಪತ್ತು ನಿಮಿಷ ಕೊಡಿ.’

‘ಮುರಿದ್ರೆ ಏನ್ ಗತಿ?’

‘ನಿಮ್ಮ ಮೂಗಿನಿಂದ ದೂರ ನಿಂತು ಮುರೀತೀನಿ, ಬಿಡಿ.’

ಹೆದೆ ಇಳಿಸಿದೆ. ಕವಚ ತೊಟ್ಟುಕೊಂಡೇ ಹುಲ್ಲಿನ ಮೇಲೆ ಕೂತೆ. ಅಂಚೆಯವನು ಎದುರಿಗೆ ನಿಂತು ಗಾಳಿ ತಡೆದ. ನನಗೆ ಯಾರೂ ಕಲಿಸಿರಲಿಲ್ಲ ಅಪ್ಪ. ಹನ್ನೆರಡು ವರ್ಷದವಳು ಬೆಣೆಯ ಬುಟ್ಟಿ ಹಿಡಿದು ಮೂಲೆಯಲ್ಲಿ ಕೂತು ನೋಡಿದ್ದಷ್ಟೇ. ಅಂಗೈಯಿಂದ ಉಜ್ಜಿ ಬಿಸಿ ಮಾಡಬೇಕು, ಓರೆಯಾದ ಕಡೆ ಮೊಣಕಾಲಿನ ಕೆಳಗೆ ಬರಬೇಕು, ಮೈಯ ಭಾರ ಹಾಕಿ ಒತ್ತಬೇಕು, ಆದರೆ ಉಸಿರು ಬಿಡುವಷ್ಟು ಮೆಲ್ಲಗೆ. ನೀವು ಒತ್ತುವಾಗ ಬಾಯಲ್ಲಿ ಏನೋ ಗೊಣಗುತ್ತಿದ್ದಿರಿ. ಅದು ಮಂತ್ರವೆಂದುಕೊಂಡಿದ್ದೆ. ನಿನ್ನೆ ಗೊತ್ತಾಯಿತು, ಬರೀ ಬೈಗುಳ. ನಾನೂ ಬೈದೆ.

ಮತ್ತೆ ಹೆದೆಯೇರಿಸಿದೆ. ಎಡವೂ ಅಲ್ಲ ಬಲವೂ ಅಲ್ಲ, ನಟ್ಟನಡುವೆ ನಿಂತಿತು. ಇಳಿಸಿ ಇನ್ನೊಮ್ಮೆ ಒತ್ತಿದೆ. ಮೂರನೆಯ ಸಲ ಬೆತ್ತದ ದಪ್ಪದಷ್ಟು ಬಲಕ್ಕೆ ಬಂತು. ನಗಾರಿ ಶುರುವಾಗಿತ್ತು.

ಬಾಣ ಬಿಡುವ ಮೊದಲು ಹೆಸರು ಸಾರಬೇಕು. ಹಳೆಯ ಯೋಧರ ಪದ್ಧತಿ, ಯಾರ ಮಗ, ಯಾವ ನಾಡು, ಯಾರ ಪರ ಎಂದು ಎದುರಿನವರಿಗೆ ಕೂಗಿ ಹೇಳುವುದು. ಸಮಿತಿಯ ಪುಸ್ತಕದಲ್ಲಿ ನನ್ನ ಪಾಲಿಗೆ ಕೋಟೆಯ ಬಿಲ್ಲಾಳು ಸೆನೊ ಉಕೊನ್ ಎಂಬವನ ಹೆಸರಿತ್ತು. ಎರಡು ತಿಂಗಳಿನಿಂದ ಬಾಯಿಪಾಠ ಮಾಡಿದ್ದೆ. ಕಂದಕದ ಅಂಚಿಗೆ ಹೋಗಿ ನಿಂತೆ. ಎರಡೂ ದಡದಲ್ಲಿ ಸಾವಿರಾರು ಜನ. ಹಿಡಿಯ ಕೆಳಗಿನ ಆ ಖಾಲಿ ಎರಡಂಗುಲ ಹೆಬ್ಬೆರಳಿಗೆ ತಾಗಿತು. ಉಕೊನ್ ನನ್ನ ಬಾಯಿಗೆ ಬರಲಿಲ್ಲ.

‘ದೂರದಲ್ಲಿರುವವರು ಕಿವಿಗೊಟ್ಟು ಕೇಳಿ, ಹತ್ತಿರದಲ್ಲಿರುವವರು ಕಣ್ಣಾರೆ ನೋಡಿ! ಹ್ಯೂಗಾ ನಾಡಿನ ಮಿಯಾಕೊನೊಜೊದಲ್ಲಿ ನಾಲ್ಕು ತಲೆಮಾರಿನಿಂದ ಬಿಲ್ಲು ಕಟ್ಟುವ ಮನೆತನ, ನಾಗಮಿನೆ ತೊಕುಜಿರೋ ಅವರ ಮಗಳು ನಾನು, ಇಕುಯೊ! ಇದು ಆ ಮನೆಯ ಬಿಲ್ಲು!’

ಅಷ್ಟು ದೊಡ್ಡ ದನಿ ನನ್ನೊಳಗೆ ಇತ್ತೆಂದು ನನಗೇ ತಿಳಿದಿರಲಿಲ್ಲ. ಎದೆಯ ಮಟ್ಟಕ್ಕೆ ಎಳೆದೆ, ಬಿಟ್ಟೆ. ಬಾಣ ಅಳಲಿಲ್ಲ ಅಪ್ಪ, ಕೂಗಿತು. ಆ ದಡದ ಮಕ್ಕಳು ಕಿವಿ ಮುಚ್ಚಿಕೊಂಡರು. ಹುಲ್ಲಿನ ರಾಶಿಯ ನಡುವಿಗೆ ಹೋಗಿ ನೆಟ್ಟಿತು. ಬಿಲ್ಲು ಕೈಯಲ್ಲಿ ಒಂದು ಸಲ ನಡುಗಿ ಸುಮ್ಮನಾಯಿತು.

ಮುರೊತಾನಿ ಅವರ ಮುಖ ಅವರ ಕವಚಕ್ಕಿಂತ ಕೆಂಪಾಗಿತ್ತು. ‘ಪುಸ್ತಕದಲ್ಲಿ ಇಲ್ಲದ್ದೆಲ್ಲ ಹೇಳಿದ್ರಲ್ಲ! ಸೆನೊ ಉಕೊನ್‌ಗೆ ಮಗಳೇ ಇರ್ಲಿಲ್ಲ!’

‘ನಮ್ಮಪ್ಪನಿಗೆ ಇದಾಳೆ’ ಎಂದೆ.

ಮುಂದಿನ ವರ್ಷ ನನ್ನನ್ನು ಇಡುತ್ತಾರೋ ಬಿಡುತ್ತಾರೋ ಗೊತ್ತಿಲ್ಲ. ಸಭೆ ಕರೆದಿದ್ದಾರೆ. ಏನೇ ಆಗಲಿ, ನೀವು ಬರೆಯದ ಹೆಸರನ್ನು ನಾನು ಇಡೀ ಊರಿಗೆ ಕೇಳುವ ಹಾಗೆ ಕೂಗಿದ್ದೇನೆ. ಕೋಪ ಬಂದರೆ ಬರಲಿ.

ಇಕುಯೊ


ಮಿಯಾಕೊನೊಜೊ
ನವೆಂಬರ್ ೧೨, ೧೯೯೨

ಇಕುಯೊ,

ಇಲ್ಲಿ ಬೆಳಿಗ್ಗೆ ಮಂಜು ಬೀಳುತ್ತಿದೆ. ಮಧ್ಯಾಹ್ನ ಬಿಸಿಲಿರುತ್ತದೆ. ಕಿರಿಶಿಮಾ ತಿಳಿಯಾಗಿ ಕಾಣುತ್ತದೆ. ಈ ಸಲ ನಾನೇ ಹವಾಮಾನ ಬರೆದಿದ್ದೇನೆ, ಯಾಕೆಂದರೆ ಮುಂದಿನದನ್ನು ಹೇಗೆ ಶುರು ಮಾಡಬೇಕೆಂದು ತಿಳಿಯದೆ ಮೂರು ಹಾಳೆ ಹರಿದೆ.

ನಿನ್ನ ಕಾಗದವನ್ನು ತೊಸೆ ಗಟ್ಟಿಯಾಗಿ ಓದಿದಳು. ಅಕ್ಕಪಕ್ಕದ ಬೀದಿಯವರು ನಾಲ್ಕು ಜನ ಇದ್ದರು. ಮೊಣಕಾಲಿನ ಕೆಳಗಿಟ್ಟು ಒತ್ತಿದ ಭಾಗ ಬಂದಾಗ ಇನ್ನೊಮ್ಮೆ ಓದು ಎಂದೆ. ಅದನ್ನು ಕಿಯೋಹಾರುಗೆ ಮೂರು ವರ್ಷ ಹೇಳಿಕೊಟ್ಟೆ, ಕಡೆಗೂ ಬರಲಿಲ್ಲ. ಮೂಲೆಯಲ್ಲಿ ಬುಟ್ಟಿ ಹಿಡಿದು ಕೂತಿದ್ದವಳ ಕಡೆ ನಾನು ಒಂದು ಸಲವೂ ತಿರುಗಿ ನೋಡಲಿಲ್ಲ. ಹತ್ತೊಂಬತ್ತರಲ್ಲಿ ನೀನು ಕೇಳಿದಾಗ ಆಗದು ಎಂದದ್ದು ತಪ್ಪು. ಬಿದಿರಿನ ಗುಣವನ್ನು ತಟ್ಟಿ ನೋಡಿ ಹೇಳುತ್ತೇನೆ ಎಂದು ಜಂಬ ಪಡುವವನು ಸ್ವಂತ ಮಗಳನ್ನು ತಟ್ಟಿಯೂ ನೋಡಲಿಲ್ಲ.

ಈಗ ಹೆಸರಿನ ವಿಷಯ. ನನ್ನ ಮೊದಲ ಕಾಗದದಲ್ಲೇ ಬರೆದಿದ್ದೆ, ನೀನು ಓದಿದೆ, ಅದನ್ನು ನಿನಗೇ ಅನ್ವಯಿಸಿಕೊಳ್ಳಲಿಲ್ಲ. ನಮ್ಮ ಬೀದಿಯಲ್ಲಿ ಬೆಣೆ ಹೊಡೆದವರದೇ ಹೆಸರು. ಆ ಬಿಲ್ಲಿನ ನೂರಾ ಹದಿನೆಂಟರಲ್ಲಿ ನನ್ನದು ಒಂದೂ ಇಲ್ಲ, ಇದ್ದ ಆರನ್ನೂ ನೀನು ಕಿತ್ತೆ. ಅದರ ಮೇಲೆ ನನ್ನ ಹೆಸರು ಬರೆದರೆ ಕಿಯೋಹಾರುಗೂ ನನಗೂ ಏನು ವ್ಯತ್ಯಾಸ? ಕೀಳೆಂದು ಖಾಲಿ ಬಿಟ್ಟದ್ದಲ್ಲ ಹುಡುಗಿ. ಅದು ನಿನ್ನ ಜಾಗ. ಬಾಣ ಬಿಟ್ಟು ಬಿಲ್ಲು ಗಟ್ಟಿ ನಿಂತ ಮೇಲೆ ಹೇಳೋಣ ಎಂದುಕೊಂಡಿದ್ದೆ. ನನ್ನ ಅಪ್ಪನೂ ನನಗೆ ಹಾಗೇ ಮಾಡಿದ್ದ.

‘ನಿನ್ನ ಕೈ ಮತ್ತೆ ಬಂತಲ್ಲೋ’ ಎಂದಿದ್ದ ಆ ಹಿರಿಯನಿಗೆ ಕಾಗದ ಓದಿ ಮುಗಿದ ಮೇಲೆ ಹೇಳಿದೆ, ‘ಅದು ನನ್ನ ಕೈ ಅಲ್ಲ, ನನ್ನ ಮಗಳದು.’ ಅವನು ಚಹಾ ಬಟ್ಟಲು ಕೆಳಗಿಟ್ಟು, ‘ಮತ್ತೆ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆಯೋ?’ ಎಂದ. ನನಗೆ ಅಷ್ಟು ಹೆಮ್ಮೆ ನನ್ನ ಯಾವ ಬಿಲ್ಲಿನಿಂದಲೂ ಆಗಿಲ್ಲ.

ಇದರ ಜೊತೆ ಒಂದು ಕುಂಚವಿದೆ. ನನ್ನ ಅಪ್ಪನದು, ಆಮೇಲೆ ನನ್ನದು. ಕೆಂಪು ಅರಗು ಪುಟ್ಟ ಡಬ್ಬಿಯಲ್ಲಿದೆ. ಉಸಿರು ಹಿಡಿದು ಒಂದೇ ಎಳೆತಕ್ಕೆ ಬರೆ, ತಿದ್ದಬೇಡ. ಬರೆದ ಮೇಲೆ ಆ ಮುರೊತಾನಿಗೆ ತೋರಿಸು.

ಅಟ್ಟದ ಮೇಲೆ ಐದು ವರ್ಷ ಹೊಗೆ ಕಂಡ ಬಿದಿರಿದೆ. ಜನವರಿಯಲ್ಲಿ ರಜೆ ಹಾಕು. ಕೊಡತಿಗೆ ಹೊಸ ಹಿಡಿ ಕೂರಿಸಿದ್ದೇನೆ, ನಿನ್ನ ಅಂಗೈಗೆ ಸರಿಯಾಗಿ.

ಹಗ್ಗ ಹಿಡಿಯುವವನು,
ನಿನ್ನ ಅಪ್ಪ